ಅಮ್ಮ ಅಡುಗೆಮನೇಲೇ ಇದ್ರು, ಫೋನು ಮಾತ್ರ "ವ್ಯಾಪ್ತಿ ಪ್ರದೇಶದ ಹೊರಗೆ": ನಂಬರ್ ಪೋರ್ಟ್ ಮಾಡ್ಸೋ ಮುಂಚೆ ಒಂದ್ಸಲ ಓದಿ

ಮನೇಲಿರೋ ಮೂರು ನಂಬರನ್ನೂ ಒಂದೇ ದಿನ ಬೇರೆ ಕಂಪನಿಗೆ ಪೋರ್ಟ್ ಮಾಡ್ಸಿ ಈಗ ತಲೆ ಚಚ್ಕೊಳ್ತಾ ಕೂತಿರೋ ಮನುಷ್ಯ ನಾನು. ಕಂಪನಿ ಹೆಸರು ಹೇಳಲ್ಲ, ಯಾಕಂದ್ರೆ ನಮ್ಮನೇಲಿ ಸಿಗದೇ ಇರೋ ಅದೇ ನೆಟ್‌ವರ್ಕು ನಿಮ್ಮನೇಲಿ ಸಖತ್ತಾಗಿ ಬರ್ತಿರಬಹುದು. ನಾನು ಎಲ್ಲಿ ಎಡವಿದೆ ಅನ್ನೋದಷ್ಟೇ ಹೇಳ್ತೀನಿ.

ನಮ್ಮದು ಬೆಂಗಳೂರಿನ ಹನುಮಂತನಗರ. ಹಳೇ ಮನೆ, ನೆಲಮಹಡಿ, ಮೇಲೆ ಎರಡು ಮನೆ, ಎಡಕ್ಕೂ ಬಲಕ್ಕೂ ಗೋಡೆಗೆ ಗೋಡೆ ಅಂಟ್ಕೊಂಡಿರೋ ಬಿಲ್ಡಿಂಗ್‌ಗಳು, ಮಟಮಟ ಮಧ್ಯಾಹ್ನನೂ ಅಡುಗೆಮನೇಲಿ ಲೈಟ್ ಹಾಕ್ಬೇಕು. ಬಿಸಿಲೇ ಬರದ ಕಡೆ ಟವರ್ ಎಲ್ಲಿಂದ ಬರುತ್ತೆ ಅಂತ ನಂಗೆ ಮುಂಚೆನೇ ಹೊಳೀಬೇಕಿತ್ತು. ಹಳೇ ಕಂಪನಿದು ಅಂಥಾ ಸ್ಪೀಡೇನೂ ಇರ್ಲಿಲ್ಲ, ಸಂಜೆ ಹೊತ್ತು ವಿಡಿಯೋ ಹಾಕಿದ್ರೆ ಚಕ್ರ ತಿರುಗ್ತಾ ಇರೋದು, ಆದ್ರೆ ಕಾಲ್ ಮಾತ್ರ ಬಚ್ಚಲುಮನೇಲಿ ನಿಂತ್ರೂ ಬರೋದು.

ಹಂಗಿದ್ಮೇಲೆ ಯಾಕೆ ಬಿಟ್ಟೆ ಅಂದ್ರೆ, ದುಡ್ಡು. 2024ರ ಜುಲೈಲಿ ಜಿಯೋ, ಏರ್‌ಟೆಲ್, ವಿ ಮೂರೂ ಒಂದರ ಹಿಂದೆ ಒಂದು ರೇಟ್ ಏರಿಸಿದ್ವಲ್ಲ, 3ನೇ ತಾರೀಕು ಎರಡು, 4ಕ್ಕೆ ಇನ್ನೊಂದು, ವರ್ಷದ ಪ್ಯಾಕು 2999 ಇದ್ದಿದ್ದು 3599 ಆಯ್ತಲ್ಲ, ಅವತ್ತಿಂದ ನನ್ನ ತಲೇಲಿ ಈ ಲೆಕ್ಕ ಓಡ್ತಾನೇ ಇತ್ತು. ಮೂರು ನಂಬರು, ಅದರಲ್ಲೂ 28 ದಿನದ ಪ್ಯಾಕ್ ಅಂದ್ರೆ ವರ್ಷಕ್ಕೆ 12 ಅಲ್ಲ 13 ರೀಚಾರ್ಜು, ಆ ಹದಿಮೂರನೇ ತಿಂಗಳು ಯಾವ ಪಂಚಾಂಗದಲ್ಲಿದೆಯೋ ದೇವರಿಗೇ ಗೊತ್ತು. ಆದ್ರೆ ನಿಜವಾಗ್ಲೂ ಪೇಪರ್ ಪೆನ್ನು ಇಟ್ಕೊಂಡು ಲೆಕ್ಕ ಹಾಕಿದ್ರೆ ಪ್ರೈವೇಟ್ ಕಂಪನಿಗಳ ಮಧ್ಯೆ ಒಂದೇ ಥರದ ಪ್ಯಾಕ್‌ಗೆ ಅಂಥಾ ದೊಡ್ಡ ವ್ಯತ್ಯಾಸ ಏನಿಲ್ಲ ಕಣ್ರಿ, ತಿಂಗಳಿಗೆ ಎರಡು ಕಾಫಿ ದುಡ್ಡು ಅಷ್ಟೇ. ಈ ಎರಡು ಕಾಫಿ ಉಳಿಸೋಕೆ ಹೋಗಿ ಆಗಿದ್ದು ಇದು.

ಬಸ್ ಸ್ಟಾಪ್ ಹತ್ರ ಕಲರ್ ಛತ್ರಿ ಕೆಳಗೆ ಸಿಮ್ ಮಾರ್ತಾರಲ್ಲ, ಅಲ್ಲಿ ಒಬ್ಬ ಹುಡುಗ. "ಸರ್, ನೀವು ಏನೂ ಮಾಡ್ಬೇಡಿ, ಮನೆಗೇ ಬಂದು ಮಾಡ್ಕೊಡ್ತೀನಿ" ಅಂದ, ಮಾರನೇ ದಿನ ಬಂದೂ ಬಿಟ್ಟ. ಗೇಟ್ ಹತ್ರ ನಿಂತು ಅವನ ಫೋನಲ್ಲಿ ಸ್ಪೀಡ್ ಟೆಸ್ಟ್ ಹಾಕಿ ತೋರಿಸ್ದ, ಮುಳ್ಳು ಹಂಗೇ 400 ದಾಟ್ತು, ನಾನು ಬಾಯ್ಬಿಟ್ಕೊಂಡು ನೋಡ್ತಾ ನಿಂತಿದ್ದೆ. ಅಮ್ಮ "ಒಳಗ್ ಬಾಪ್ಪ, ಕಾಫಿ ಕುಡಿ" ಅಂದ್ರು. "ಬೇಡಮ್ಮ, ಶೂ ಬಿಚ್ಬೇಕು" ಅಂತ ಗೇಟಲ್ಲೇ ನಿಂತು ಲೋಟ ಖಾಲಿ ಮಾಡ್ದ. ಅವತ್ತು ಆ ಪುಣ್ಯಾತ್ಮ ಶೂ ಬಿಚ್ಚಿ ಒಂದು ಹತ್ತು ಹೆಜ್ಜೆ ಒಳಗೆ ಬಂದಿದ್ರೆ ಅವನ ಫೋನಲ್ಲೂ ಸಿಗ್ನಲ್ ಕಡ್ಡಿ ಹೋಗಿರೋದು ನಮಗೆ ಕಾಣ್ತಿತ್ತು, ನಾನೂ ಈ ಪುರಾಣ ಬರೀತಿರ್ಲಿಲ್ಲ.

ಪೋರ್ಟ್ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ ಸ್ಪೇಸ್ ಬಿಟ್ಟು ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳ್ಸಿದ್ರೆ ಪೋರ್ಟ್ ಮಾಡ್ಸೋಕೆ ಬೇಕಾದ ಎಂಟಕ್ಷರದ ಕೋಡ್ ಬರುತ್ತೆ, ನಮ್ಮ ಕಡೆ ಅದಕ್ಕೆ 4 ದಿನ ಆಯಸ್ಸು. ಕೋಡ್ ಬಂದ ಸ್ವಲ್ಪ ಹೊತ್ತಿಗೇ ಹಳೇ ಕಂಪನಿಯಿಂದ ಫೋನು, "ಸರ್ ಯಾಕೆ ಬಿಡ್ತಿದೀರ, ನಿಮಗೆ ಸ್ಪೆಷಲ್ ಆಫರ್ ಕೊಡ್ತೀವಿ" ಅಂತ. ಇಷ್ಟು ವರ್ಷ ಇಲ್ಲದ ಪ್ರೀತಿ ಈಗ್ಯಾಕೆ ಅಂತ ಜಂಬದಿಂದ ಕಟ್ ಮಾಡ್ದೆ. ಮೂರು ವರ್ಕಿಂಗ್ ಡೇ ಆದ್ಮೇಲೆ ಹಳೇ ಸಿಮ್ ಸತ್ತು ಹೊಸದು ಜೀವ ಬಂತು. ಅವತ್ತೇ ಮೊದಲನೇ ಏಟು. ನನ್ನ ಹೆಂಡತಿ ನಂಬರಿಗೆ 11 ದಿನದ ಹಿಂದೆ ತಾನೇ 84 ದಿನದ ಪ್ಯಾಕ್ ಹಾಕಿದ್ದೆ. "ಅದು ಹೊಸ ಸಿಮ್‌ಗೆ ಕ್ಯಾರಿ ಆಗುತ್ತೆ ಸರ್" ಅಂದಿದ್ದ ಛತ್ರಿ ಹುಡುಗ. ಸುಳ್ಳು. ಪ್ರೀಪೇಯ್ಡ್‌ನಲ್ಲಿ ಉಳಿದಿದ್ದ ಬ್ಯಾಲೆನ್ಸು, ವ್ಯಾಲಿಡಿಟಿ ಏನೇ ಇದ್ರೂ ಪೋರ್ಟ್ ಆದ ಕ್ಷಣ ಗೋವಿಂದ. 73 ದಿನ ನೀರಲ್ಲಿ ಹೋಯ್ತು. "ರೀ, ಉಳಿಸ್ತೀನಿ ಅಂದ್ರಲ್ಲ, ಎಷ್ಟು ಉಳೀತು?" ಅಂತ ಅವಳು ಕೇಳಿದ್ದಕ್ಕೆ ನಂಗೆ ಉತ್ತರ ಇರ್ಲಿಲ್ಲ.

ಸಂಜೆ ಆಫೀಸಿಂದ ಅಮ್ಮಂಗೆ ಫೋನ್ ಮಾಡ್ತೀನಿ, "ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ". ಆರೇಳು ಸಲ ಮಾಡ್ದೆ, ಅದೇ ಹೆಂಗಸು, ಅದೇ ಮಾತು. ವಯಸ್ಸಾದೋರು ಒಬ್ರೇ ಇರ್ತಾರೆ, ಮನಸ್ಸು ಎಲ್ಲೆಲ್ಲಿಗೋ ಹೋಗುತ್ತೆ. ಬೈಕ್ ಹತ್ಕೊಂಡು ಟ್ರಾಫಿಕ್ಕಲ್ಲಿ ಒದ್ದಾಡ್ಕೊಂಡು ಬಂದು ನೋಡಿದ್ರೆ ಅವ್ರು ಅಡುಗೆಮನೇಲಿ ಆರಾಮಾಗಿ ಹುಳಿಗೆ ಒಗ್ಗರಣೆ ಹಾಕ್ತಿದಾರೆ, ಫೋನು ಪಕ್ಕದಲ್ಲೇ ಕಟ್ಟೆ ಮೇಲಿದೆ, ಮೇಲುಗಡೆ "ನೋ ಸರ್ವಿಸ್".

ಆಮೇಲೆ ಗ್ಯಾಸ್ ಕಥೆ. ಸಿಲಿಂಡರ್ ತಂದೋನು ಕೋಡ್ ಹೇಳಿ ಅಂತಾನಲ್ಲ, ಬುಕಿಂಗು ಅಮ್ಮನ ನಂಬರಲ್ಲಿರೋದು, ಮೆಸೇಜು ಮನೆ ಒಳಗೆ ಬರಲ್ಲ. ಗ್ಯಾಸ್‌ನೋನು ಕೆಳಗೆ ಸಿಲಿಂಡರ್ ಇಳಿಸ್ಕೊಂಡು "ಬೇಗ ಅಮ್ಮ, ಇನ್ನೂ ಹತ್ತು ಮನೆ ಇದೆ" ಅಂತ ನಿಂತಿದಾನೆ, ಮಂಡಿ ನೋವಿರೋ ಅಮ್ಮ ಎರಡು ಫ್ಲೋರ್ ಹತ್ಕೊಂಡು ಟೆರೇಸಿಗೆ ಹೋಗಿ, ನೀರಿನ ಟ್ಯಾಂಕ್ ಪಕ್ಕ ಒಂದು ಮೂಲೆ ಇದೆ, ಅಲ್ಲಿ ಮಾತ್ರ ಎರಡು ಕಡ್ಡಿ ಬರುತ್ತೆ, ಅಲ್ಲಿ ಕೈ ಮೇಲೆತ್ತಿ ನಿಂತು, ಮೆಸೇಜ್ ಬಂದ್ಮೇಲೆ ಕನ್ನಡಕ ಕೆಳಗೇ ಮರೆತಿದೀನಿ ಅಂತ ಗೊತ್ತಾಗಿ, ಮೇಲಿನ ಮನೆ ಹುಡುಗಿನ ಕರೆದು ಓದಿಸಿ, ಪ್ಯಾರಾಪೆಟ್‌ನಿಂದ ಒಂದೊಂದೇ ನಂಬರು ಕೆಳಗೆ ಕೂಗಿದಾರೆ. ಇಡೀ ಕ್ರಾಸಿಗೇ ನಮ್ಮ ಓಟಿಪಿ ಗೊತ್ತು. ಬ್ಯಾಂಕ್‌ದು ಆಗಿದ್ರೆ ಏನ್ಗತಿ ಹೇಳಿ.

ಯಾಕೆ ಹಿಂಗೆ ಅಂತ ಬಿಡಿಸಿ ಹೇಳಿದ್ದು ನನ್ನ ಬಾಮೈದ, ಅವನು ಟವರ್ ಕಡೇನೇ ಕೆಲಸ ಮಾಡೋದು. ಬೆಂಗಳೂರಲ್ಲಿ 2022ರ ಅಕ್ಟೋಬರಿಂದ 5ಜಿ ಇದೆ, ಇವ್ರು ತೋರಿಸೋ ಭಾರೀ ಸ್ಪೀಡೆಲ್ಲ ಹೆಚ್ಚಾಗಿ 3300 ಮೆಗಾಹರ್ಟ್ಸ್ ಬ್ಯಾಂಡಿಂದು, ಅಂದ್ರೆ ಆ ಫ್ರೀಕ್ವೆನ್ಸಿಯ ರೇಡಿಯೋ ತರಂಗದ್ದು. ಆ ತರಂಗ ರಸ್ತೇಲಿ ಹುಲಿ, ಗೋಡೆ ಬಂದ್ರೆ ಇಲಿ. 700, 850, 900 ಈ ಕೆಳಗಿನ ಬ್ಯಾಂಡ್‌ಗಳು ಸ್ಪೀಡಲ್ಲಿ ಸಾಧಾರಣ, ಆದ್ರೆ ಗೋಡೆ ದಾಟಿ ಒಳಗೆ ಬರೋದು ಅವೇ. ಯಾವ ಕಂಪನಿ ಹತ್ರ ಯಾವ ಬ್ಯಾಂಡ್ ಇದೆ, ನಿಮ್ಮನೆ ಹತ್ರದ ಟವರಲ್ಲಿ ಅದನ್ನ ಹಾಕಿದಾರಾ ಇಲ್ವಾ, ಟವರ್ ಯಾವ ಕಡೆ ಮುಖ ಮಾಡಿದೆ, ಇದೆಲ್ಲದರ ಮೇಲೆ ಹೋಗುತ್ತೆ. ಜೊತೆಗೆ ಕಾಲ್‌ಗಳು ಇವತ್ತಿಗೂ ಬಹುಪಾಲು 4ಜಿ ವೋಲ್ಟಿ, ಅಂದ್ರೆ 4ಜಿ ನೆಟ್‌ವರ್ಕಲ್ಲೇ ಮಾತು ಸಾಗಿಸೋ ವ್ಯವಸ್ಥೆ, ಅದರ ಮೇಲೇ ಹೋಗೋದು, ಹಂಗಾಗಿ 5ಜಿ ಸ್ಪೀಡ್ ಟೆಸ್ಟ್ ನೋಡಿ ಕಾಲ್ ಚೆನ್ನಾಗಿರುತ್ತೆ ಅನ್ಕೊಂಡ್ರೆ ಕೆಟ್ಟೆ. "ಭಾವ, ನೀವು ರಸ್ತೆಗೆ ಸಿಮ್ ತಗೊಂಡಿದೀರ, ಮನೆಗಲ್ಲ" ಅಂತ ನಕ್ಕ ಬೇರೆ. ಟೆಲಿಕಾಂ ಕಂಪನಿಗಳಿಗೆ ನಿಯಮ ಮಾಡೋ ಟ್ರಾಯ್ ಸಂಸ್ಥೆಯ ರೂಲ್ಸ್ ಪ್ರಕಾರ ಈಗ ಎಲ್ಲಾ ಕಂಪನಿನೂ ವೆಬ್‌ಸೈಟಲ್ಲಿ ಕವರೇಜ್ ಮ್ಯಾಪ್ ಹಾಕ್ಬೇಕು, ನಾನೂ ನೋಡ್ದೆ, ನಮ್ಮ ಕ್ರಾಸ್ ತುಂಬಾ ಬಣ್ಣ ಬಳ್ದಿದಾರೆ. ಅಡುಗೆಮನೆ ಕಾಣಲ್ಲ ಅದ್ರಲ್ಲಿ.

ವಾಪಸ್ ಹೋಗೋಣ ಅಂದ್ರೆ ಆಗಲ್ಲ. ಒಂದ್ಸಲ ಪೋರ್ಟ್ ಆದ್ರೆ 90 ದಿನ ಅಲ್ಲೇ ಇರ್ಬೇಕು, ಅದಕ್ಕೆ ಮುಂಚೆ ಕೋಡೇ ಕೊಡಲ್ಲ. ಇದನ್ನ ಯಾವ ಛತ್ರಿ ಕೆಳಗೂ ಯಾರೂ ಹೇಳಲ್ಲ. 198ಕ್ಕೆ ಫೋನ್ ಮಾಡಿ ಕಂಪ್ಲೇಂಟ್ ಕೊಟ್ಟೆ (ಟೆರೇಸಿಂದ!), ಎರಡು ದಿನ ಬಿಟ್ಟು "ನಿಮ್ಮ ದೂರನ್ನು ಪರಿಹರಿಸಲಾಗಿದೆ" ಅಂತ ಮೆಸೇಜ್, ಅದನ್ನ ಓದೋಕೂ ಟೆರೇಸಿಗೇ ಹೋಗಿದ್ದು. ಮತ್ತೆ ಮಾಡಿದ್ರೆ "ವೈಫೈ ಕಾಲಿಂಗ್ ಆನ್ ಮಾಡ್ಕೊಳ್ಳಿ ಸರ್" ಅಂದ್ರು. ಮಾಡಿದೀನಿ, ಪರವಾಗಿಲ್ಲ, ಕೆಲಸ ಮಾಡುತ್ತೆ, ಆದ್ರೆ ಬೆಸ್ಕಾಂನೋರು ಕರೆಂಟ್ ತೆಗೆದ್ರೆ ರೂಟರೂ ಮಲಗುತ್ತೆ, ಅದರ ಜೊತೆ ನಾವೂ. ಟ್ರಾಯ್‌ಗೆ ಬರೀತೀನಿ ಅಂತ ಹಾರಾಡ್ಬೇಡಿ, ಅವ್ರು ಒಬ್ಬೊಬ್ರ ಕಂಪ್ಲೇಂಟ್ ತಗೊಳಲ್ಲ, ಮೊದಲು ಕಂಪನಿ, ಆಮೇಲೆ ಅದೇ ಕಂಪನಿಯ ಅಪೀಲ್ ಅಥಾರಿಟಿ. ಕಂಪ್ಲೇಂಟ್ ಕೊಟ್ಟಾಗ ಕೊಡೋ ಡಾಕೆಟ್ ನಂಬರ್ ಬರೆದಿಟ್ಕೊಳ್ಳಿ.

ಇನ್ನೊಂದು ವಿಷಯ, ಇದು ಕವರೇಜ್‌ಗಿಂತ ಭಯ ಹುಟ್ಟಿಸಿದ್ದು. ಅವತ್ತು ಹುಡುಗ "ಸರ್ವರ್ ಸ್ಲೋ ಇದೆ ಅಮ್ಮ, ಇನ್ನೊಂದ್ಸಲ ಬೆರಳಿಡಿ" ಅಂತ ಅಮ್ಮನ ಹತ್ರ ಎರಡು ಸಲ ಹೆಬ್ಬೆಟ್ಟು ಇಡಿಸ್ದ. ಬಾಮೈದ ಇದನ್ನ ಕೇಳಿದ್ದೇ ಸಂಚಾರ್ ಸಾಥಿ ವೆಬ್‌ಸೈಟ್ ತೆಗೆಸಿದ, ಅದು ಟೆಲಿಕಾಂ ಇಲಾಖೆದು, ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ಅಂತ ಓಟಿಪಿ ಹಾಕಿ ನೋಡ್ಬಹುದು. ಅಮ್ಮನ ಹೆಸರಲ್ಲಿ ಎರಡು! ಒಂದು ಅವರದ್ದು, ಇನ್ನೊಂದು ಯಾರದ್ದೋ. ಒಬ್ರ ಹೆಸರಲ್ಲಿ 9 ಸಿಮ್ ತನಕ ಇರ್ಬಹುದು, ಹಂಗಾಗಿ ಯಾರಿಗೂ ಅನುಮಾನ ಬರಲ್ಲ. "ನನ್ನ ನಂಬರ್ ಅಲ್ಲ" ಅಂತ ಅಲ್ಲೇ ರಿಪೋರ್ಟ್ ಮಾಡಿದ್ವಿ. ಆ ಹುಡುಗನ್ನ ಕೇಳೋಣ ಅಂತ ಬಸ್ ಸ್ಟಾಪಿಗೆ ಹೋದ್ರೆ ಛತ್ರಿ ಇದ್ದ ಜಾಗದಲ್ಲಿ ಸೀಬೆಕಾಯಿ ಗಾಡಿ. ಸಿಮ್ ಬೇಕಂದ್ರೆ ಕಂಪನಿ ಸ್ಟೋರಿಗೇ ಹೋಗಿ, ಎರಡನೇ ಸಲ ಬೆರಳು ಅಂದ್ರೆ ಮೊದಲನೇದು ಏನಾಯ್ತು ತೋರಿಸು ಅನ್ನಿ.

ಈಗ ನಾನೇನ್ ಮಾಡ್ತಿದೀನಿ ಅಂದ್ರೆ, ನನ್ನ ಫೋನಿನ ಎರಡನೇ ಸ್ಲಾಟಿಗೆ ಇನ್ನೊಂದು ಕಂಪನಿದು ಹೊಸ ಪ್ರೀಪೇಯ್ಡ್ ಸಿಮ್ ಹಾಕಿ, ಇರೋದ್ರಲ್ಲೇ ಚಿಕ್ಕ ಪ್ಯಾಕ್ ಹಾಕ್ಕೊಂಡು, ಒಂದು ವಾರ ಅಡುಗೆಮನೆ, ದೇವರಮನೆ, ಬಚ್ಚಲು ಎಲ್ಲಾ ಕಡೆಯಿಂದ ಕಾಲ್ ಮಾಡಿ ನೋಡ್ತಿದೀನಿ. ಸಂಜೆ 7ರಿಂದ 10 ಮುಖ್ಯ, ಬೆಳಿಗ್ಗೆ ಎಲ್ಲಾ ಕಂಪನಿನೂ ಚೆನ್ನಾಗೇ ಇರುತ್ತೆ. ಪಕ್ಕದ ಮನೆಯೋರನ್ನ ಕೇಳೋದಾದ್ರೆ ನೆಲಮಹಡಿಯೋರನ್ನೇ ಕೇಳಿ, ಮೂರನೇ ಫ್ಲೋರಿನೋರಿಗೆ ಎಲ್ಲಾ ಸಿಗುತ್ತೆ. ಇಷ್ಟಾದ್ಮೇಲೂ ಒಂದೇ ನಂಬರ್ ಮೊದಲು ಪೋರ್ಟ್ ಮಾಡ್ಸಿ, ಅದೂ ಪ್ಯಾಕ್ ಮುಗಿಯೋ ಎರಡು ಮೂರು ದಿನ ಮುಂಚೆ ಆಗೋ ಥರ ನೋಡ್ಕೊಂಡು. ಅಮ್ಮನಂಥೋರಿಗೆ ದಿನಕ್ಕೆ ಎರಡು ಜಿಬಿ ಯಾಕೆ ಬೇಕು ಸ್ವಾಮಿ, 2025ರ ಜನವರಿಯಿಂದ ಬರೀ ಕಾಲ್, ಮೆಸೇಜಿನ ಪ್ಯಾಕ್‌ಗಳು ಬಂದಿವೆ, ಟ್ರಾಯ್ ಹೇಳಿದ್ಮೇಲೆ ಬಿಟ್ಟಿದ್ದು, ಬಂದ ಹೊಸತರಲ್ಲಿ 336 ದಿನಕ್ಕೆ 1748, 365 ದಿನಕ್ಕೆ 1849 ಹಿಂಗೆಲ್ಲಾ ಇದ್ವು. ಆಪಲ್ಲಿ ಕೆಳಗೆಲ್ಲೋ ಬಚ್ಚಿಟ್ಟಿರ್ತಾರೆ, ಹುಡುಕ್ಬೇಕು.

ಇವತ್ತಿಗೆ 61 ದಿನ ಆಯ್ತು, ಇನ್ನು 29. ಗೋಡೆ ಮೇಲಿರೋ ಬೆಂಗಳೂರು ಪ್ರೆಸ್ ಕ್ಯಾಲೆಂಡರಲ್ಲಿ ಸಂಕಷ್ಟಿ, ಏಕಾದಶಿಗೆಲ್ಲ ಅಮ್ಮ ಕೆಂಪು ಪೆನ್ನಲ್ಲಿ ರೌಂಡ್ ಹಾಕಿರ್ತಾರೆ, ಮುಂದಿನ ತಿಂಗಳ ಹಾಳೆಲಿ ಹಬ್ಬ ಹುಣ್ಣಿಮೆ ಏನೂ ಇಲ್ಲದ ಒಂದು ತಾರೀಕಿಗೂ ರೌಂಡ್ ಹಾಕಿ, ಪಕ್ಕದಲ್ಲಿ ದಪ್ಪಕ್ಷರದಲ್ಲಿ "ಸಿಮ್" ಅಂತ ಬರ್ದಿದಾರೆ.