ಆಡಿನ ಹಾಲು, ಬೇರೆ ಬೇರೆ ಪುಡಿ, ನನ್ನ ಪಥ್ಯ: ಮಗಳಿಗೆ ಹಿಡಿಸಿದ್ದು ಯಾವುದು?

ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಕೊಟ್ಟಿಗೆ ತುಂಬ ದನ. ಅಂಥ ಮನೆಯ ಕೂಸಿಗೆ ಹಾಲೇ ಆಗುವುದಿಲ್ಲ ಅಂದರೆ ಯಾರು ನಂಬುತ್ತಾರೆ? ಮೂರನೇ ತಿಂಗಳಲ್ಲಿ ಎದೆಹಾಲಿನ ಜೊತೆ ಡಬ್ಬಿ ಹಾಲು ಶುರು ಮಾಡಿದ್ದೆ. ಎರಡು ವಾರದಲ್ಲಿ ಕೆನ್ನೆ ಕೆಂಪಾಗಿ ಒರಟಾಯಿತು, ಕುಡಿದದ್ದೆಲ್ಲ ವಾಂತಿ. ಒಂದು ಬೆಳಿಗ್ಗೆ ಲಂಗೋಟಿಯಲ್ಲಿ ಲೋಳೆ, ಅದರಲ್ಲಿ ಕೆಂಪು ನೂಲಿನ ಹಾಗೆ ರಕ್ತ.

ಔಷಧಿ ಅಂಗಡಿಯವರು ಲ್ಯಾಕ್ಟೋಸ್ ಇಲ್ಲದ ಪುಡಿ ಕೊಟ್ಟರು. ಹತ್ತು ದಿನ ಸುಮ್ನೆ ಹೋಯಿತು. ಅದರಲ್ಲಿ ತೆಗೆದಿರುವುದು ಹಾಲಿನ ಸಕ್ಕರೆ, ಮಗಳಿಗಿದ್ದ ಅಲರ್ಜಿ ಬರುವುದು ಹಾಲಿನ ಪ್ರೋಟೀನಿನಿಂದ. ಅತ್ತೆ ಹೇಳಿದರು ಅಂತ ಆಡಿನ ಹಾಲನ್ನೂ ಎರಡು ದಿನ ಕುಡಿಸಿದೆ, ವಾಂತಿ ಜಾಸ್ತಿಯೇ ಆಯಿತು. ಮಕ್ಕಳ ಡಾಕ್ಟರ ಹತ್ತಿರ ಬೈಸಿಕೊಂಡೆ. ಆಡು, ಎಮ್ಮೆ ಹಾಲಿನ ಪ್ರೋಟೀನೂ ಹಸುವಿನದರ ಹಾಗೇ ಇರುತ್ತದಂತೆ. ಸೋಯಾ ಕೇಳಿದೆ, ಆರು ತಿಂಗಳೊಳಗೆ ಬೇಡ ಎಂದರು.

ಉಳಿದದ್ದು ಎರಡು. ಒಂದು, ಪ್ರೋಟೀನನ್ನು ಚೂರು ಚೂರು ಮಾಡಿದ ವಿಶೇಷ ಪುಡಿ. ಕೆಲಸ ಮಾಡುತ್ತದೆ, ನಿಜ. ಆದರೆ ಕಹಿ, ಮೂಗಿಗೆ ಹಿಡಿದರೆ ಹಳಸಿದ ವಾಸನೆ. ಮಗಳು ಚಮಚ ನೋಡಿದರೆ ತುಟಿ ಬಿಗಿಯುತ್ತಿದ್ದಳು. ಬೆಲೆಯೂ ಕೈ ಸುಡುವಂಥದ್ದು.

ಇನ್ನೊಂದು, ಎದೆಹಾಲು ಹೆಚ್ಚಿಸಿ ನಾನೇ ಪಥ್ಯ ಹಿಡಿಯುವುದು. ನಾನು ಕುಡಿದ ಹಾಲಿನ ಪ್ರೋಟೀನು ಎದೆಹಾಲಿನಲ್ಲೂ ಸ್ವಲ್ಪ ಬರುತ್ತದಲ್ಲ. ಹಾಲು, ಮೊಸರು, ತುಪ್ಪ ಎಲ್ಲ ಬಂದ್. ತಂಬುಳಿಗೆ ಮಜ್ಜಿಗೆ ಇಲ್ಲ, ಬರೀ ತೆಂಗಿನಕಾಯಿ ಮತ್ತು ಹುಳಿ. ಅಂಗಡಿ ಬಿಸ್ಕತ್ತಿನಲ್ಲೂ ಹಾಲಿನ ಪುಡಿ ಇರುತ್ತದೆ, ಪೊಟ್ಟಣ ಓದದೆ ಬಾಯಿಗೆ ಹಾಕುವ ಹಾಗಿಲ್ಲ. ಬದಲಿಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆ. ಎರಡನೇ ವಾರಕ್ಕೆ ರಕ್ತ ನಿಂತಿತು, ಮೂರನೇ ವಾರಕ್ಕೆ ಕೆನ್ನೆ ತಿಳಿಯಾಯಿತು.

ನಾಲ್ಕು ವಾರವಾದ ಮೇಲೆ ಮತ್ತೆ ಹಾಲು ತಗೊಂಡು ನೋಡಿ ಎಂದರು ಡಾಕ್ಟರು. ನನಗೆ ಮನಸ್ಸಿರಲಿಲ್ಲ. ತಡವಾಗಿ ಕಾಣಿಸುವ ಈ ಅಲರ್ಜಿಗೆ ರಕ್ತಪರೀಕ್ಷೆ ಉಪಯೋಗಕ್ಕೆ ಬರುವುದಿಲ್ಲ, ಹೀಗೇ ಖಚಿತಪಡಿಸಿಕೊಳ್ಳಬೇಕಂತೆ. ಮೂರನೇ ದಿನ ಲೋಳೆ ಬಂತು. (ಹಾಲು ಕುಡಿದ ತಕ್ಷಣ ಮೈಯೆಲ್ಲ ದದ್ದು, ಮುಖ ಊತ, ಉಸಿರಾಟಕ್ಕೆ ಕಷ್ಟ ಆಗುವ ಮಕ್ಕಳಿಗೆ ಮನೆಯಲ್ಲಿ ಇದನ್ನು ಮಾಡಲೇಬಾರದು, ಅದು ಆಸ್ಪತ್ರೆಯ ಕೆಲಸ.)

ನನ್ನ ಮಟ್ಟಿಗೆ ಪಥ್ಯವೇ ಗೆದ್ದಿತು. ಕಾರವಾರದಲ್ಲಿ ಆಫೀಸಿಗೆ ಹೋಗುವ ನನ್ನ ತಂಗಿಗಾದರೆ ಪುಡಿಯೇ ಸರಿ ಅನ್ನುತ್ತಿದ್ದೆ.

ಈಗ ಮಗಳಿಗೆ ಹದಿನಾಲ್ಕು ತಿಂಗಳು. ಡಾಕ್ಟರು ಹೇಳಿದ ಹಾಗೆ ಹಾಲು ಹಾಕಿ ಬೇಯಿಸಿದ ಬಿಸ್ಕತ್ತಿನ ಚೂರಿನಿಂದ ಶುರು ಮಾಡಿದ್ದೇವೆ. ಅತ್ತೆ ದಿನಾ ಲಂಗೋಟಿ ನೋಡಿ, "ಇವತ್ತು ಸರಿ ಇದ್ದು" ಎನ್ನುತ್ತಾರೆ.