ಕಾರವಾರದವರಿಗೆ ಫಾತೋರ್ಡಾ: ಎಫ್‌ಸಿ ಗೋವಾದ 2024–25ರ ಸೀಸನ್, ಮೈದಾನ ಮತ್ತು ವಾಪಸ್ ಬರುವ ದಾರಿ

ಕಾರವಾರದ ಫುಟ್‌ಬಾಲ್ ಅಭಿಮಾನಿಗಳಿಗೆ ರಾಜ್ಯದ ತಂಡ ಒಂದು ಕಡೆ, ಹತ್ತಿರದ ತಂಡ ಇನ್ನೊಂದು ಕಡೆ. ಬೆಂಗಳೂರು ಎಫ್‌ಸಿ ಆಡುವ ಕಂಠೀರವ ಕ್ರೀಡಾಂಗಣ ಐನೂರು ಕಿಲೋಮೀಟರ್ ಆಚೆಗಿದೆ. ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಹೋಗಲು ಒಂದು ರಾತ್ರಿ, ಬರಲು ಇನ್ನೊಂದು ರಾತ್ರಿ. ಎಫ್‌ಸಿ ಗೋವಾದ ತವರು ಮೈದಾನ ಮಡಗಾಂವ್‌ನ ಫಾತೋರ್ಡಾದಲ್ಲಿದೆ, ಕಾರವಾರದಿಂದ ಸುಮಾರು 70 ಕಿ.ಮೀ. ಸಂಜೆ ಹೋಗಿ ಆಟ ನೋಡಿ ಅದೇ ರಾತ್ರಿ ಮನೆ ಸೇರಬಹುದಾದ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಮೈದಾನ ಉತ್ತರ ಕನ್ನಡದ ಕರಾವಳಿಗೆ ಇದೊಂದೇ. ಹಾಗಾಗಿ ಕೊಡುವ ದುಡ್ಡಿಗೆ, ಕೆಡುವ ನಿದ್ದೆಗೆ ಇದು ತಕ್ಕದ್ದೇ ಎಂದು ತೂಗಿ ನೋಡಬೇಕಾಗುತ್ತದೆ. ಆಟ ಚೆನ್ನಾಗಿತ್ತು, ಮೈದಾನ ಅಡ್ಡಿಯಿಲ್ಲ. ಸ್ವಂತ ಗಾಡಿ ಇಲ್ಲದವರಿಗೆ ವಾಪಸ್ ಬರುವುದು ಮಾತ್ರ ತಲೆನೋವು.

ಮೊದಲು ಆಟ. 13 ತಂಡಗಳ ಲೀಗ್‌ನಲ್ಲಿ ಪ್ರತಿ ತಂಡಕ್ಕೆ 24 ಪಂದ್ಯ. ಗೋವಾ 14 ಗೆದ್ದು, 6 ಡ್ರಾ ಮಾಡಿಕೊಂಡು, 4 ಸೋತು 48 ಪಾಯಿಂಟ್‌ಗಳೊಂದಿಗೆ ಎರಡನೇ ಸ್ಥಾನ ಪಡೆಯಿತು. ಶೀಲ್ಡ್, ಅಂದರೆ ಲೀಗ್‌ನ ಅಗ್ರಸ್ಥಾನಕ್ಕೆ ಕೊಡುವ ಬಹುಮಾನ, ಗೆದ್ದ ಮೋಹನ್ ಬಗಾನ್‌ಗೆ 56, ಮೂರನೇ ಸ್ಥಾನದ ಬೆಂಗಳೂರಿಗೆ 38. ಎರಡಕ್ಕೂ ಮೂರಕ್ಕೂ ನಡುವೆ ಹತ್ತು ಪಾಯಿಂಟ್ ಅಂತರ ಇತ್ತು ಎನ್ನುವುದನ್ನು ನೆನಪಿಟ್ಟುಕೊಳ್ಳಿ, ಏಪ್ರಿಲ್‌ನಲ್ಲಿ ಆದದ್ದು ಆಗ ಇನ್ನಷ್ಟು ಚುರುಕು ಮುಟ್ಟಿಸುತ್ತದೆ.

ಕೋಚ್ ಮನೋಲೋ ಮಾರ್ಕೆಜ್ ಆ ವರ್ಷ ಭಾರತ ತಂಡದ ಹೊಣೆಯನ್ನೂ ಹೊತ್ತಿದ್ದರು. ಎರಡು ಕುರ್ಚಿಯಲ್ಲಿ ಒಬ್ಬನೇ ಕೂರುವುದು ಸರಿಯೇ ಎಂಬ ತಕರಾರು ಸೀಸನ್ ಪೂರ್ತಿ ಇತ್ತು. ಮೈದಾನದಲ್ಲಿ ಅದರ ಪರಿಣಾಮ ಹೆಚ್ಚು ಕಾಣಲಿಲ್ಲ. ಅವರ ಗೋವಾ ಚೆಂಡನ್ನು ಸುಮ್ಮನೆ ಮುಂದಕ್ಕೆ ಎತ್ತಿ ಒಗೆಯುವ ತಂಡವಲ್ಲ. ಆ ಸೀಸನ್‌ನಲ್ಲಿ ಹಿಂದಿನಿಂದ ಸಣ್ಣ ಪಾಸ್‌ಗಳಲ್ಲಿ ಆಟ ಕಟ್ಟುತ್ತಿದ್ದರು, ಕಾರ್ಲ್ ಮೆಕ್‌ಹ್ಯೂ ಮಧ್ಯದಲ್ಲಿ ಚೆಂಡು ತಿರುಗಿಸುತ್ತಿದ್ದರು, ಎರಡೂ ಕಡೆಯ ಫುಲ್‌ಬ್ಯಾಕ್‌ಗಳು, ಅಂದರೆ ಅಂಚು ಕಾಯುವ ರಕ್ಷಕರು, ಅಂಚು ಹಿಡಿದು ಮೇಲಕ್ಕೆ ಓಡುತ್ತಿದ್ದರು. ಮುಂದೆ ಅರ್ಮಾಂಡೊ ಸಾದಿಕು, ಸುತ್ತ ಬೋರ್ಹಾ ಹೆರೆರಾ, ಇಕರ್ ಗ್ವಾರೊಚೆನಾ, ದೆಯಾನ್ ದ್ರಾಜಿಚ್, ಗೋವೆಯವನೇ ಆದ ಬ್ರೈಸನ್ ಫರ್ನಾಂಡಿಸ್. ಟಿವಿಯಲ್ಲಿ ಚೆಂಡಿನ ಸುತ್ತಲಿನ ತುಂಡಷ್ಟೇ ಕಾಣುವುದರಿಂದ ಈ ಶೈಲಿ ಅರ್ಧ ಮಾತ್ರ ದಕ್ಕುತ್ತದೆ. ಚೆಂಡು ಎಡಕ್ಕಿದ್ದಾಗ ಬಲಗಡೆಯವನು ಎಷ್ಟು ಅಗಲಕ್ಕೆ ಹೋಗಿ ಕಾದಿದ್ದಾನೆ ಎನ್ನುವುದು ಗ್ಯಾಲರಿಯಲ್ಲಿ ಕೂತವರಿಗೇ ಗೊತ್ತಾಗುವುದು.

ಇದೇ ಶೈಲಿಯ ದೋಷವೂ ಅಲ್ಲಿಂದಲೇ ಕಾಣುತ್ತದೆ. ಫುಲ್‌ಬ್ಯಾಕ್ ಮೇಲೆ ಹೋದಾಗ ಚೆಂಡು ಕೈತಪ್ಪಿದರೆ ಅವನ ಬೆನ್ನ ಹಿಂದೆ ಇಡೀ ಅಂಚು ಖಾಲಿ. ನಡುವಿನ ರಕ್ಷಕ, ಸೆಂಟರ್‌ಬ್ಯಾಕ್, ಅದನ್ನು ಮುಚ್ಚಲು ಹೊರಗೆ ಓಡಿದರೆ ಪೆನಾಲ್ಟಿ ಬಾಕ್ಸ್ ಒಳಗೆ ಜನ ಕಡಿಮೆಯಾಗುತ್ತಾರೆ. ನೇರವಾಗಿ, ವೇಗವಾಗಿ ಆಡುವ ಎದುರಾಳಿಗೆ ಬೇಕಿರುವುದೂ ಇಷ್ಟೇ. ಜಂಶೆಡ್‌ಪುರ ಎರಡು ಸಲ ಅದನ್ನೇ ಮಾಡಿ ತೋರಿಸಿತು: 2024ರ ಸೆಪ್ಟೆಂಬರ್ 17ರ ಮೊದಲ ಪಂದ್ಯದಲ್ಲಿ ಫಾತೋರ್ಡಾಕ್ಕೇ ಬಂದು, ಹಿಂದೆ ಬಿದ್ದಿದ್ದರೂ ಕೊನೇ ಗಳಿಗೆಯ ಗೋಲಿನಿಂದ 2–1, ಆಮೇಲೆ ಫೆಬ್ರುವರಿಯಲ್ಲಿ ತನ್ನ ಊರಲ್ಲಿ 3–1.

ನೋಡಲೇಬೇಕಿದ್ದ ತವರಿನ ಪಂದ್ಯ ಡಿಸೆಂಬರ್ 20ರದ್ದು. ಶೀಲ್ಡ್ ಗೆಲ್ಲಲಿದ್ದ ಮೋಹನ್ ಬಗಾನನ್ನು ಗೋವಾ 2–1ರಿಂದ ಸೋಲಿಸಿತು, ಎರಡು ಗೋಲೂ ಬ್ರೈಸನ್‌ನದ್ದು. ಹೊರಗಡೆ ಆಡಿದ್ದರಲ್ಲಿ ಕೋಲ್ಕತ್ತದಲ್ಲಿ ಈಸ್ಟ್ ಬೆಂಗಾಲ್ ಮೇಲೆ 3–2, ಬೋರ್ಹಾ ಹೆರೆರಾ ಹ್ಯಾಟ್ರಿಕ್.

ಕಾರವಾರದವರಿಗೆ ನಿಜವಾದ ಪೇಚು ಬೆಂಗಳೂರಿನ ಎದುರು. ಆ ಸೀಸನ್‌ನಲ್ಲಿ ಎರಡೂ ತಂಡ ನಾಲ್ಕು ಸಲ ಎದುರಾದವು. ನವೆಂಬರ್ 2ರಂದು ಫಾತೋರ್ಡಾದಲ್ಲಿ ಗೋವಾಕ್ಕೆ 3–0 ಗೆಲುವು. ಅಲ್ಲಿಯವರೆಗೆ ಬೆಂಗಳೂರು ಲೀಗ್‌ನಲ್ಲಿ ಸೋತಿರಲಿಲ್ಲ. ಡಿಸೆಂಬರ್ 14ರಂದು ಕಂಠೀರವದಲ್ಲಿ ಗೋವಾ ಎರಡು ಗೋಲು ಮುಂದಿದ್ದೂ 2–2. ಲೀಗ್ ಮುಗಿದ ಮೇಲಿನ ನಾಕೌಟ್‌ನಲ್ಲಿ ಸೆಮಿಫೈನಲ್‌ಗೆ ಎರಡು ಪಂದ್ಯ (ಲೆಗ್), ಎರಡರ ಗೋಲು ಕೂಡಿಸಿ ಲೆಕ್ಕ. ಏಪ್ರಿಲ್ 2ರಂದು ಕಂಠೀರವದ ಮೊದಲ ಲೆಗ್‌ನಲ್ಲಿ ಗೋವಾದ ರಕ್ಷಕ ಸಂದೇಶ್ ಝಿಂಗನ್‌ನ ಸ್ವಂತ ಗೋಲು, ಮೇಲಿಂದ ಎಡ್ಗರ್ ಮೆಂಡೆಸ್‌ನ ಗೋಲು, ಬೆಂಗಳೂರಿಗೆ 2–0.

ಏಪ್ರಿಲ್ 6, ಭಾನುವಾರ, ಫಾತೋರ್ಡಾದಲ್ಲಿ ಎರಡನೇ ಲೆಗ್. 49ನೇ ನಿಮಿಷಕ್ಕೆ ಬೋರ್ಹಾ ಹೆರೆರಾ ಒಂದು ಹೊಡೆದರು. ಆಮೇಲೆ ಸುಮಾರು ನಲವತ್ತು ನಿಮಿಷ ಬರೀ ಒತ್ತಡ. 88ನೇ ನಿಮಿಷಕ್ಕೆ ಸಾದಿಕು ಎರಡನೆಯದು, ಒಟ್ಟು 2–2. ಈಗ ಬೇಕಿದ್ದದ್ದು ಬೇರೇನಲ್ಲ, ಉಸಿರು ಹಿಡಿದು ಎಕ್ಸ್‌ಟ್ರಾ ಟೈಮ್ ತಲುಪುವುದು. ಇಂಜುರಿ ಟೈಮ್‌ನ ಎರಡನೇ ನಿಮಿಷದಲ್ಲಿ ಬಲ ಅಂಚಿನಿಂದ ನಾಮ್‌ಗ್ಯಾಲ್ ಭುಟಿಯಾ ಬಾಕ್ಸ್ ಒಳಗೆ ಚೆಂಡು ಹಾಕಿದರು. ನಲವತ್ತು ವಯಸ್ಸಿನ ಸುನೀಲ್ ಛೆಟ್ರಿ ಮುಂದಕ್ಕೆ ಹಾರಿ ತಲೆ ಕೊಟ್ಟರು. ಪಂದ್ಯ ಗೋವಾ 2–1 ಗೆದ್ದಿತು, ಫೈನಲ್‌ಗೆ ಹೋದದ್ದು ಒಟ್ಟು 3–2ರ ಬೆಂಗಳೂರು. ಛೆಟ್ರಿಯದು ದೊಡ್ಡ ಗೋಲೇ, ಒಪ್ಪಬೇಕು. ಆದರೆ ಸಮ ಮಾಡಿಕೊಂಡ ನಾಲ್ಕೇ ನಿಮಿಷದಲ್ಲಿ ಅಂಚಿನಿಂದ ಕ್ರಾಸ್ ಬಿಟ್ಟುಕೊಟ್ಟು, ಬಾಕ್ಸ್ ಒಳಗೆ ಇಂಥವನಿಗೆ ಜಾಗ ಬಿಟ್ಟದ್ದು ಸೀಸನ್ ಆರಂಭದಿಂದ ಇದ್ದ ಅದೇ ಕಾಯಿಲೆ. ಬೆಂಗಳೂರು ಏಪ್ರಿಲ್ 12ರ ಫೈನಲ್‌ನಲ್ಲಿ ಎಕ್ಸ್‌ಟ್ರಾ ಟೈಮ್‌ನಲ್ಲಿ ಮೋಹನ್ ಬಗಾನ್‌ಗೆ 2–1ರಿಂದ ಸೋತಿತು.

ಗೋವಾ ಅಲ್ಲಿಗೇ ಕೈಚೆಲ್ಲಲಿಲ್ಲ. ಮೇ 3ರಂದು ಭುವನೇಶ್ವರದಲ್ಲಿ ಸೂಪರ್ ಕಪ್ ಫೈನಲ್, ಎದುರಾಳಿ ಅದೇ ಜಂಶೆಡ್‌ಪುರ, ಫಲಿತಾಂಶ 3–0. ಬೋರ್ಹಾ ಎರಡು, ದ್ರಾಜಿಚ್ ಒಂದು. ಈ ಕಪ್‌ನಿಂದ ಏಷ್ಯಾದ ಎರಡನೇ ಹಂತದ ಚಾಂಪಿಯನ್ಸ್ ಲೀಗ್‌ನ ಅರ್ಹತಾ ಪಂದ್ಯ ಸಿಕ್ಕಿತು, ಆಗಸ್ಟ್ 13ರಂದು ಒಮಾನ್‌ನ ಅಲ್ ಸೀಬ್ ಅನ್ನು ಫಾತೋರ್ಡಾದಲ್ಲೇ 2–1 ಸೋಲಿಸಿ ಗುಂಪಿನ ಹಂತ ಸೇರಿತು.

ಇನ್ನು ಮೈದಾನ. ಜವಾಹರಲಾಲ್ ನೆಹರೂ ಕ್ರೀಡಾಂಗಣ 1989ರದ್ದು, ಸುಮಾರು 19,000 ಜನ ಹಿಡಿಯುತ್ತದೆ. 2017ರ 17 ವರ್ಷದೊಳಗಿನವರ ವಿಶ್ವಕಪ್ ಪಂದ್ಯಗಳೂ ಇಲ್ಲಿ ನಡೆದಿದ್ದವು. ಹಿಂದೆ ಏಕದಿನ ಕ್ರಿಕೆಟ್ ಕೂಡ ಆಡಿದ ಜಾಗ, ಆದ್ದರಿಂದ ಗ್ಯಾಲರಿ ಮೊಟ್ಟೆಯಾಕಾರಕ್ಕೆ ಸುತ್ತಿಕೊಂಡಿದೆ. ಟಿಕೆಟ್ ಆರಿಸುವಾಗ ಲೆಕ್ಕಕ್ಕೆ ಬರುವುದು ಇದೇ. ಗೋಲ್ ಕಂಬದ ಹಿಂದಿನ ಸೀಟುಗಳು ಚೆಂಡಿನಿಂದ ದೂರ ಬೀಳುತ್ತವೆ, ಆಚೆ ತುದಿಯಲ್ಲಿ ಗೋಲಾದರೆ ಯಾರು ಹೊಡೆದದ್ದು ಎಂದು ಪಕ್ಕದವರನ್ನು ಕೇಳಬೇಕು. ಆಟ ಓದಲು ಬಂದವರು ಉದ್ದದ ಬದಿಯಲ್ಲಿ, ಸಾಧ್ಯವಾದಷ್ಟು ಮೇಲಿನ ಸಾಲು ಹಿಡಿಯಬೇಕು. ಡೋಲು, ಹಾಡು, ಗದ್ದಲ ಬೇಕಾದವರಿಗೆ ಗೋವಾದ ಅಭಿಮಾನಿ ಬಳಗ ಈಸ್ಟ್ ಲೋವರ್ ಆರ್ಮಿ ಕೂರುವ ಕೆಳಗಿನ ಪೂರ್ವ ಗ್ಯಾಲರಿ. ಅಲ್ಲಿ ತೊಂಬತ್ತು ನಿಮಿಷ ನಿಂತೇ ಇರಬೇಕಾಗುತ್ತದೆ, ಪುಟ್ಟ ಮಕ್ಕಳ ಜತೆ ಹೋಗುವ ಜಾಗ ಅದಲ್ಲ. ಕಂಠೀರವಕ್ಕೆ ಹೋಲಿಸಿದರೆ ನೋಟ ಇಲ್ಲಿಯೇ ವಾಸಿ. ಅಲ್ಲಿ ಗ್ಯಾಲರಿಗೂ ಹುಲ್ಲಿಗೂ ನಡುವೆ ಅಥ್ಲೆಟಿಕ್ಸ್ ಟ್ರ್ಯಾಕ್ ಇದೆ.

ಬೆಂಗಳೂರಿನ ನೀಲಿ ಜೆರ್ಸಿ ಹಾಕಿಕೊಂಡು ಹೋಗುವವರು ಬಂದ ತಂಡದ ಅಭಿಮಾನಿಗಳಿಗೆ ಬಿಟ್ಟ ಭಾಗಕ್ಕೇ ಟಿಕೆಟ್ ಮಾಡಿಸಿ. ಬೇರೆ ಗ್ಯಾಲರಿಯಲ್ಲಿ ಹೊಡೆದಾಟ ಆಗುತ್ತದೆ ಎಂದಲ್ಲ, ಗೇಟ್‌ನಲ್ಲಿ ಕಾವಲಿನವರ ಜತೆ ವಾದಕ್ಕೆ ನಿಂತರೆ ಮೊದಲ ಹದಿನೈದು ನಿಮಿಷ ಅಲ್ಲೇ ಹೋಗುತ್ತದೆ.

ಒಳಗೆ ಬಿಡದ ಸಾಮಾನು: ನೀರಿನ ಬಾಟಲಿ, ಪವರ್ ಬ್ಯಾಂಕ್, ಲೈಟರ್, ದೊಡ್ಡ ಬ್ಯಾಗ್, ಸಾಮಾನ್ಯವಾಗಿ ಹೆಲ್ಮೆಟ್ ಕೂಡ. ಬೈಕಿನಲ್ಲಿ ಹೋಗುವವರು ಹೆಲ್ಮೆಟ್‌ಗೆ ಕೇಬಲ್ ಲಾಕ್ ಒಯ್ಯುವುದು ಒಳ್ಳೆಯದು. ಪವರ್ ಬ್ಯಾಂಕ್ ಇಲ್ಲದೆ ಫೋನ್ ಸತ್ತರೆ ಮೊಬೈಲ್ ಟಿಕೆಟ್ಟೂ ಸತ್ತಂತೆ, ಅದಕ್ಕೆ ಕಾಣಕೋಣ ದಾಟುವ ಹೊತ್ತಿಗೆ ಚಾರ್ಜ್ ಪೂರ್ತಿ ಇರಲಿ. ಟಿಕೆಟ್‌ನ ಸ್ಕ್ರೀನ್‌ಶಾಟ್ ಜತೆಗಿರುವ ಇನ್ನೊಬ್ಬರ ಫೋನಲ್ಲೂ ಇಡಿ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮಳೆ ಇನ್ನೂ ಬಿಟ್ಟಿರುವುದಿಲ್ಲ, ಕೊಡೆ ಬೇಡ, ರೇನ್‌ಕೋಟ್ ಸಾಕು. ಊಟ ಒಳಗೆ ಹುಡುಕುವುದಕ್ಕಿಂತ ಹೊರಗಿನ ಗಾಡಿಯಲ್ಲಿ ಮುಗಿಸಿಕೊಳ್ಳುವುದು ಲೇಸು. ಮಡಗಾಂವ್‌ನ ಸಂಜೆ ಗಾಡಿಗಳ ರೋಸ್ ಆಮ್ಲೆಟ್‌ಗೆ, ಅಂದರೆ ಕೋಳಿ ಶಾಕುತಿಯ ಬಿಸಿ ರಸ ಸುರಿದು ಪಾವ್ ಜತೆ ಕೊಡುವ ಆಮ್ಲೆಟ್‌ಗೆ, ಹತ್ತು ನಿಮಿಷ ಮೀಸಲಿಟ್ಟರೆ ನಷ್ಟವಿಲ್ಲ.

ದಾರಿಯ ಮಾತು ಸ್ವಲ್ಪ ಉದ್ದ, ಏಕೆಂದರೆ ಕೆಡುವುದೆಲ್ಲ ಅಲ್ಲೇ. 2024–25ರಲ್ಲಿ ಹೆಚ್ಚಿನ ಪಂದ್ಯ ಸಂಜೆ 7.30ಕ್ಕಿದ್ದವು. ಅಂಥ ಪಂದ್ಯಕ್ಕೆ ಕಾರವಾರದಿಂದ ನಾಲ್ಕು ಗಂಟೆಗೇ ಹೊರಡಬೇಕು. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಕುಸಿದ ಮೇಲೆ ಆಚೆಗೂ ಈಚೆಗೂ ಹೊಸ ಸೇತುವೆಯೊಂದೇ. ಲಾರಿ ಸಾಲು ನಿಂತ ಸಂಜೆ ಸದಾಶಿವಗಡ ಮುಟ್ಟುವಷ್ಟರಲ್ಲೇ ಹೊತ್ತಾಗುತ್ತದೆ. ಮಾಜಾಳಿ, ಪೋಳೆ ದಾಟಿ ಗಾಲಜಿಬಾಗ, ತಾಳ್ಪೋಣ ಸೇತುವೆಗಳ ಕಾಣಕೋಣ ಬೈಪಾಸ್‌ವರೆಗೆ ತಕರಾರಿಲ್ಲ. ಆಮೇಲೆ ಕರ್ಮಲ್ ಘಾಟ್: ಕಾಡು, ತಿರುವು, ಕಿರಿದು ರಸ್ತೆ, ಎದುರಿಗೆ ಟ್ರಕ್. ಅಲ್ಲಿ ಒಂದು ಲಾರಿ ಕೆಟ್ಟು ನಿಂತರೂ ನಿಮ್ಮ ಮೊದಲಾರ್ಧ ಹೋಯಿತು. ಬಾಳ್ಳಿ, ಕುಂಕಳ್ಳಿ ಆದ ಮೇಲೆ ಮಡಗಾಂವ್ ಪೇಟೆಯೊಳಗೆ ನುಗ್ಗಬೇಡಿ. ಫಾತೋರ್ಡಾ ಇರುವುದು ಊರಿನ ಉತ್ತರ ಬದಿಗೆ, ಬೈಪಾಸ್ ಹಿಡಿದರೆ ಸುತ್ತಾದರೂ ಬೇಗ.

ಬಸ್ಸಿನಲ್ಲಿ ಹೋಗುವುದು ಸುಲಭ. ಮಡಗಾಂವ್‌ನ ಕದಂಬ ಬಸ್ ನಿಲ್ದಾಣದಿಂದ ಮೈದಾನಕ್ಕೆ ನಡೆದೇ ಹೋಗಬಹುದು. ರೈಲಿನಲ್ಲಿ ಬಂದವರಿಗೆ ಸ್ಟೇಷನ್‌ನಿಂದ ನಾಲ್ಕೈದು ಕಿ.ಮೀ., ರಿಕ್ಷಾ ಇಲ್ಲವೇ ಪೈಲಟ್ ಎನ್ನುವ ಬೈಕ್ ಟ್ಯಾಕ್ಸಿ ಹಿಡಿಯಬೇಕು. ಕಷ್ಟ ಇರುವುದು ಬರುವಾಗ. ಪಂದ್ಯ ಮುಗಿಯುವುದು ಒಂಬತ್ತೂವರೆ ಸುಮಾರಿಗೆ, ಪಾರ್ಕಿಂಗ್‌ನಿಂದ ಗಾಡಿ ಹೊರಬರಲು ಇನ್ನರ್ಧ ಗಂಟೆ. ಆ ಹೊತ್ತಿಗೆ ಕಾರವಾರದ ಬಸ್ ಸಿಗುತ್ತದೆ ಎಂದು ನೆಚ್ಚಿ ಕೂರುವಂತಿಲ್ಲ. ರೈಲು ನಂಬುವವರು ಎರಡು ವಿಷಯ ನೋಡಿಕೊಳ್ಳಬೇಕು. ಕೊಂಕಣ ರೈಲ್ವೆಯಲ್ಲಿ ಮಳೆಗಾಲದ ವೇಳಾಪಟ್ಟಿಯೇ ಬೇರೆ, 2024–25ರಲ್ಲಿ ಸೀಸನ್‌ನ ಮೊದಲ ವಾರಗಳು ಅದರೊಳಗೇ ಬಂದಿದ್ದವು. ಮತ್ತೆ, ಕಾರವಾರ ಸ್ಟೇಷನ್ ಇರುವುದು ಊರೊಳಗಲ್ಲ, ಶಿರವಾಡದಲ್ಲಿ. ನಡುರಾತ್ರಿ ಇಳಿದರೆ ಅಲ್ಲಿಂದ ಮನೆಗೆ ಗಾಡಿ ಮೊದಲೇ ಹೇಳಿಟ್ಟಿರಬೇಕು.

ಆದ್ದರಿಂದ ನಾಲ್ಕು ಜನ ಸೇರಿ ಒಂದು ಕಾರು ಎನ್ನುವುದೇ ಲೆಕ್ಕಕ್ಕೆ ಸರಿ. ಹೋಗಿ ಬರಲು 140 ಕಿ.ಮೀ., ಲೀಟರಿಗೆ 15 ಕೊಡುವ ಕಾರಿಗೆ ಒಂಬತ್ತೂವರೆ ಲೀಟರ್ ಪೆಟ್ರೋಲ್. ಗೋವೆಯಲ್ಲಿ ದರ ನಮ್ಮದಕ್ಕಿಂತ ಕಡಿಮೆ, ಗಡಿ ದಾಟಿದ ಮೇಲೇ ತುಂಬಿಸಿ. ಗಾಡಿ ಓಡಿಸುವವನು ಕುಡಿಯಬಾರದು, ಕರ್ಮಲ್ ಘಾಟ್ ರಾತ್ರಿ ಹತ್ತೂವರೆಗೆ ಯಾರನ್ನೂ ಮನ್ನಿಸುವುದಿಲ್ಲ. ಡಿಕ್ಕಿಯಲ್ಲಿ ಬಾಟಲಿ ತರುವ ಆಸೆಯೂ ಬೇಡ. ಮಾಜಾಳಿಯಲ್ಲಿ ಅಬಕಾರಿಯವರು ತಡೆದು ನೋಡುತ್ತಾರೆ, ಹನ್ನೊಂದೂವರೆಗೆ ಮನೆ ಮುಟ್ಟಬೇಕಾದವರು ಅಲ್ಲೇ ಬೆಳಗು ಮಾಡಬೇಕಾದೀತು. ಶಿರಸಿಯಿಂದ ಹೊರಡುವವರಿಗೆ ಕುಮಟಾ ಮೇಲಿಂದ ಒಂದೇ ಕಡೆಗೆ ಸುಮಾರು 200 ಕಿ.ಮೀ.; ಮಡಗಾಂವ್‌ನಲ್ಲೇ ಉಳಿಯುವ ವ್ಯವಸ್ಥೆ ಇಲ್ಲದೆ ಹೊರಡಬೇಡಿ.

ಯಾವ ಪಂದ್ಯಕ್ಕೆ ಹೋಗಬೇಕು? ಒಂದೇ ಸಲ ಹೋಗುವುದಾದರೆ ಬೆಂಗಳೂರು ಬರುವ ದಿನ; ಗಲಾಟೆಗೂ ಆಟಕ್ಕೂ ಅದೇ ಮೇಲು. ವಾರದ ನಡುವೆ ಬರುವ 7.30ರ ಪಂದ್ಯಗಳನ್ನು ಕೆಲಸಕ್ಕೆ ಹೋಗುವವರು ಟಿವಿಗೇ ಬಿಡಿ. ವಾರಾಂತ್ಯದಲ್ಲಿ ಕೆಲವೊಮ್ಮೆ ಐದು ಗಂಟೆಗೆ ಪಂದ್ಯ ಇಟ್ಟಿರುತ್ತಾರೆ, ಮಕ್ಕಳ ಜತೆ ಹೋಗುವವರು ಅದನ್ನೇ ಹುಡುಕಿ: ಏಳಕ್ಕೆ ಮುಗಿದು, ಹತ್ತರೊಳಗೆ ಮನೆ. ನಾಕೌಟ್ ಪಂದ್ಯವಾದರೆ ಎಕ್ಸ್‌ಟ್ರಾ ಟೈಮ್, ಪೆನಾಲ್ಟಿ ಎಂದು ಇನ್ನೊಂದು ಗಂಟೆ ಸೇರಿಸಿಕೊಂಡೇ ಡ್ರೈವರ್‌ಗೆ ಹೊತ್ತು ಹೇಳಿ. ಮತ್ತೆ, ಒಬ್ಬ ಆಟಗಾರನ ಹೆಸರು ನೋಡಿ ಟಿಕೆಟ್ ಕೊಳ್ಳಬೇಡಿ. 2025ರ ಅಕ್ಟೋಬರ್ 22ರಂದು ಸೌದಿ ಅರೇಬಿಯಾದ ಅಲ್ ನಸ್ರ್ ಫಾತೋರ್ಡಾಕ್ಕೆ ಬಂತು, ಆ ತಂಡದ ರೊನಾಲ್ಡೊ ಬರಲಿಲ್ಲ. ಗೋವಾ 1–2 ಸೋತ ಆ ಪಂದ್ಯದಲ್ಲಿ ತವರಿನ ಒಂದೇ ಗೋಲು ಹೊಡೆದವನು ಬ್ರೈಸನ್. ಅವನನ್ನು ನೋಡಲೆಂದೇ ಹೋದವರಿಗೆ ಮಾತ್ರ ದುಡ್ಡು ವಸೂಲಾಗಿತ್ತು.