ಮೂರು ನಟ್ಟಿನಲ್ಲಿ ಉಪ್ಪಳದವರೆಗೆ

ಮೊದಲೇ ಹೇಳಿಬಿಡುತ್ತೇನೆ, ಈ ಗ್ಯಾರೇಜ್ ವಿಮರ್ಶೆಯಲ್ಲಿ ಎರಡು ಗ್ಯಾರೇಜುಗಳಿವೆ, ಎರಡರ ಹೆಸರೂ ಇಲ್ಲ. ಒಂದರ ಹೆಸರು ಹಾಕಿದರೆ ಜಗಳ. ಇನ್ನೊಂದರ ಹೆಸರು ಹಾಕಿದರೆ ರಶ್ ಆಗಿ ನನ್ನ ಕಾರಿಗೇ ಅಲ್ಲಿ ಜಾಗ ಸಿಗಲಿಕ್ಕಿಲ್ಲ.

ನನ್ನದು ಹತ್ತು ವರ್ಷ ಹಳೆಯ ಸಣ್ಣ ಕಾರು. ಭಾವನಿಂದ ತೆಗೆದುಕೊಂಡದ್ದು. ಕಾಸರಗೋಡಿನ ಬದಿಯಡ್ಕದಿಂದ ಒಳಗೆ ನಮ್ಮ ಮನೆಗೆ ಬರುವ ದಾರಿ ಪೂರ್ತಿ ಮುರಕಲ್ಲು, ಮಳೆಗಾಲದಲ್ಲಿ ಮಣ್ಣು ಕೊಚ್ಚಿ ಹೋಗಿ ಕಲ್ಲಿನ ಅಂಚುಗಳು ಎದ್ದು ನಿಲ್ಲುತ್ತವೆ, ಅಂಥ ದಾರಿಯಲ್ಲಿ ದಿನಕ್ಕೆರಡು ಸಲ ಶಾಲೆಗೆ ಓಡಾಡುವ ಕಾರಿನ ಚಕ್ರದ ಪಾಡು ಏನಾಗಬಹುದೆಂದು ನೀವೇ ಯೋಚಿಸಿ. ಸ್ಟೇರಿಂಗ್ ಎಡಕ್ಕೆ ಎಳೆಯಲು ಶುರುವಾಗಿತ್ತು. ನಮ್ಮ ಖಾಯಂ ಮೆಕ್ಯಾನಿಕ್ ಹತ್ತಿರ ಚಕ್ರಗಳ ದಿಕ್ಕು ಸರಿಮಾಡುವ ಅಲೈನ್‌ಮೆಂಟ್ ಮೆಷಿನ್ ಇಲ್ಲ. ಹಾಗಾಗಿ ಒಂದು ಶನಿವಾರ ದೊಡ್ಡ ಟಯರ್ ಸೆಂಟರಿಗೆ ಹೋದೆ.

ಅಲ್ಲಿ ಗಾಜಿನ ಕೋಣೆ, ಎಸಿ, ಟಿವಿ, ಚಹಾ ಮೆಷಿನ್, ಎಲ್ಲ ಇತ್ತು. ಗಾಜಿನ ಆಚೆ ಮೂರು ಹುಡುಗರು ನಟ್ಟು ಬಿಚ್ಚುವ ಗನ್ ಹಿಡಿದು ಟರ್ರ್ ಟರ್ರ್ ಎಂದು ನಾಲ್ಕೂ ಚಕ್ರ ಬಿಚ್ಚಿದರು. ಚಕ್ರದ ತೂಕ ಸುತ್ತಲೂ ಸಮ ಮಾಡುವ ಬ್ಯಾಲೆನ್ಸಿಂಗ್, ಮುಂದಿನ ಟಯರ್ ಹಿಂದಕ್ಕೆ, ಹಿಂದಿನದು ಮುಂದಕ್ಕೆ, ಆಮೇಲೆ ಅಲೈನ್‌ಮೆಂಟ್. ನಲವತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. 1,450 ರೂಪಾಯಿ. ಒಂದು ಪ್ರಿಂಟ್ ಕೊಟ್ಟರು. ಮೊದಲಿದ್ದ ಅಂಕಿಗಳು ಕೆಂಪು, ಈಗಿನದು ಎಲ್ಲ ಹಸಿರು. ಮೂವತ್ತು ವರ್ಷ ಮಕ್ಕಳ ಪೇಪರ್ ತಿದ್ದಿದ ನನಗೆ ಆ ಹಸಿರು ಕಾಗದ ನೋಡಿ ನಾನೇ ಪಾಸಾದಷ್ಟು ಖುಷಿಯಾಯಿತು.

ಮಂಗಳವಾರ ಅಮ್ಮನ ಕಣ್ಣಿನ ತಪಾಸಣೆಗೆ ಮಂಗಳೂರಿಗೆ ಹೊರಟೆವು. ನಮ್ಮ ಕಡೆಯವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರೇ ಅಲ್ವಾ. ಬೆಳಗ್ಗೆ ಆರಕ್ಕೆ ಮನೆ ಬಿಟ್ಟೆವು. ಕುಂಬಳೆ ದಾಟಿ ಹೈವೇ ಹಿಡಿದ ಮೇಲೆ ಎಡಗಡೆ ಮುಂದಿನಿಂದ ಕಟಕಟ ಎಂದು ಶುರುವಾಯಿತು. ಕಲ್ಲು ಸಿಕ್ಕಿರಬೇಕು ಎಂದುಕೊಂಡೆ. ರೇಡಿಯೋ ಸ್ವಲ್ಪ ಜೋರು ಮಾಡಿದೆ, ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ. ಅಮ್ಮನೇ ಹೇಳಿದ್ದು, "ಮಗಾ, ಎಂತದೋ ಶಬ್ದ ಬರ್ತಾ ಉಂಟಲ್ವಾ? ಡಬ್ಬಿಯೊಳಗೆ ಅಡಿಕೆ ಹಾಕಿ ಅಲ್ಲಾಡಿಸಿದ ಹಾಗೆ." ಎಂಬತ್ತು ವರ್ಷದ ಅಮ್ಮನಿಗೆ ಕಣ್ಣು ಮಂಜಾಗಿರಬಹುದು, ಕಿವಿ ಚೆನ್ನಾಗಿದೆ. ಉಪ್ಪಳ ಹತ್ತಿರ ಬರುವಾಗ ಸ್ಟೇರಿಂಗ್ ಕೂಡ ನಡುಗಲು ಶುರುವಾಯಿತು. ಸರ್ವಿಸ್ ರೋಡಿಗೆ ಇಳಿಸಿ ಪಂಕ್ಚರ್ ಅಂಗಡಿಯೊಂದರ ಮುಂದೆ ನಿಲ್ಲಿಸಿದೆ.

ಅಂಗಡಿ ಆಗಷ್ಟೇ ಬಾಗಿಲು ತೆಗೆಯುತ್ತಿತ್ತು. ಹುಡುಗ ಸ್ಕ್ರೂಡ್ರೈವರ್ ತೂರಿಸಿ ಪ್ಲಾಸ್ಟಿಕ್ ವೀಲ್ ಕ್ಯಾಪ್ ಎಬ್ಬಿಸಿದ. ಒಂದು ನಟ್ಟು ಠಣ್ ಎಂದು ನೆಲಕ್ಕೆ ಬಿತ್ತು. ಅದೇ ಅಡಿಕೆ! ನಟ್ಟು ಕೂರುವ ತಿರುಪಿನ ಕಡ್ಡಿಯಿಂದ, ಅಂದರೆ ಸ್ಟಡ್ಡಿನಿಂದ, ಪೂರ್ತಿ ಕಳಚಿಕೊಂಡು ಕ್ಯಾಪಿನ ಒಳಗೆ ಉರುಳುತ್ತಿತ್ತು. ಉಳಿದ ಮೂರರಲ್ಲಿ ಎರಡನ್ನು ಅವನು ಬೆರಳಲ್ಲೇ ತಿರುಗಿಸಿದ, ಸ್ಪ್ಯಾನರ್ ಬೇಕಾಗಲಿಲ್ಲ. ಮೂರನೆಯದು ಮಾತ್ರ ಏನೋ ಹಿಡಿದುಕೊಂಡಿತ್ತು. ರಿಮ್ಮಿನ ತೂತುಗಳು ದುಂಡಗಿರಲಿಲ್ಲ, ಎಳೆದು ಮೊಟ್ಟೆಯ ಹಾಗಾಗಿದ್ದವು, ಸುತ್ತ ಕಬ್ಬಿಣ ಉಜ್ಜಿ ಹೊಳೆಯುತ್ತಿತ್ತು, ಕಪ್ಪು ಹುಡಿ ಬೇರೆ. ಹುಡುಗ ಏನೂ ಹೇಳಲಿಲ್ಲ. ಅಮ್ಮನನ್ನು ಒಮ್ಮೆ ನೋಡಿದ, ನನ್ನನ್ನು ಒಮ್ಮೆ ನೋಡಿದ. ಸ್ಟೆಪ್ನಿ ತೆಗೆದರೆ ಅದರಲ್ಲಿ ಗಾಳಿಯೇ ಇಲ್ಲ, ಅದು ನನ್ನದೇ ತಪ್ಪು, ಯಾರ ಮೇಲೂ ಹಾಕುವುದಿಲ್ಲ.

ಅಲ್ಲಿಂದ ನಮ್ಮ ಖಾಯಂ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ನಮ್ಮ ಕಡೆ ಅಣ್ಣನ ಲೆಕ್ಕದಲ್ಲಿ ಇಚ್ಚ ಎನ್ನುತ್ತೇವೆ, ಇಲ್ಲೂ ಹಾಗೇ ಬರೆಯುತ್ತೇನೆ. ನಾಲ್ಕನೇ ಸಲಕ್ಕೆ ಎತ್ತಿದರು (ಇದರ ಬಗ್ಗೆ ಆಮೇಲೆ ಬರುತ್ತೇನೆ). ಕೇಳಿದ್ದು ಮೂರೇ ಪ್ರಶ್ನೆ. ಸ್ಟಡ್ಡಿನ ತ್ರೆಡ್ ಹೇಗಿದೆ, ತೂತು ಹೇಗಿದೆ, ಎಷ್ಟು ದೂರ ಓಡಿದೆ. ಆಮೇಲೆ, "ಮಾಷ್ಟ್ರೇ, ಗಾಡಿ ಅಲ್ಲೇ ಬಿಡಿ. ಒಂದಿಂಚು ಓಡಿಸಬೇಡಿ. ಅಮ್ಮನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಸಂಜೆ ನಾನು ಬರುತ್ತೇನೆ." ಮೂರು ನಟ್ಟು ಬಿಗಿ ಮಾಡಿ ನಿಧಾನಕ್ಕೆ ವಾಪಸು ಬರಲಾ ಎಂದು ಕೇಳಿದ್ದಕ್ಕೆ, "ಮೂರು ನಟ್ಟಲ್ಲಿ ಬಂದದ್ದು ಸಾಕಲ್ಲ" ಎಂದರು.

ಕಾಸರಗೋಡು–ಮಂಗಳೂರು ಬಸ್ಸಿಗೆ ಬರಗಾಲವಿಲ್ಲ, ಕೇರಳದ್ದು ಹೋದರೆ ಹಿಂದೆ ಕರ್ನಾಟಕದ್ದು. ಹೋಗಿ ಬಂದೆವು. ಸಂಜೆ ಐದೂವರೆಗೆ ಇಚ್ಚ ಬೈಕಿನಲ್ಲಿ ಹೊಸ ಸ್ಟಡ್ಡು, ನಟ್ಟು, ಒಂದು ಹಳೆಯ ರಿಮ್ ಕಟ್ಟಿಕೊಂಡು ಬಂದರು. ನಾಲ್ಕೂ ಸ್ಟಡ್ ಬದಲಾಯಿಸಿದರು. ಸವೆದದ್ದು ಎರಡೇ ತಾನೇ ಎಂದೆ. ಉಳಿದೆರಡು ಅಷ್ಟು ದೂರ ಆಚೀಚೆ ಬಾಗಿ ಬಾಗಿ ಬಂದಿವೆ, ತಂತಿಯನ್ನು ಬಗ್ಗಿಸಿ ಬಗ್ಗಿಸಿ ತುಂಡು ಮಾಡುವುದಿಲ್ಲವೇ, ಅದೇ ರೀತಿ ಇನ್ನೊಂದು ದಿನ ತುಂಡಾಗುತ್ತವೆ ಎಂದರು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಇದು ನನಗೂ ಗೊತ್ತಿರಲಿಲ್ಲ. ಚಕ್ರ ಸ್ಟಡ್ಡಿನ ಮೇಲೆ ಗೂಟಕ್ಕೆ ಅಂಗಿ ನೇತು ಹಾಕಿದ ಹಾಗೆ ನಿಂತಿದೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ನಟ್ಟು ಬಿಗಿ ಮಾಡಿದಾಗ ಸ್ಟಡ್ಡು ಒಂದು ಕೂದಲೆಳೆಯಷ್ಟು ಹಿಗ್ಗುತ್ತದೆ, ರಬ್ಬರ್ ಹಾಗೆ ವಾಪಸು ಎಳೆಯುತ್ತದೆ, ಆ ಎಳೆತಕ್ಕೆ ರಿಮ್ಮು ಸ್ಟಡ್ಡುಗಳಿರುವ ನಡುವಿನ ತಟ್ಟೆಗೆ, ಅಂದರೆ ಹಬ್‌ಗೆ, ಒತ್ತಿ ಕೂರುತ್ತದೆ. ಭಾರ ಹೊರುವುದು ಹೆಚ್ಚಾಗಿ ಆ ಒತ್ತಡ. ಅದು ಸಡಿಲವಾದರೆ ರಿಮ್ಮು ಪ್ರತಿ ಸುತ್ತಿಗೂ ಒಂಚೂರು ಜಾರುತ್ತದೆ, ತೂತು ಅಗಲವಾಗುತ್ತದೆ, ನಟ್ಟು ಇನ್ನೂ ಸಡಿಲವಾಗುತ್ತದೆ. ಹಾಗಂತ ಗನ್ ಹಿಡಿದು ಮನಸ್ಸಿಗೆ ಬಂದಷ್ಟು ಬಿಗಿದರೂ ಕಷ್ಟ. ಸ್ಟಡ್ಡು ಹಿಗ್ಗಿ ಹಾಳಾಗುತ್ತದೆ, ದಾರಿಯಲ್ಲಿ ಪಂಕ್ಚರ್ ಆದರೆ ಕಾರಿನ ಸ್ಪ್ಯಾನರಿನ ಮೇಲೆ ಹತ್ತಿ ಕುಣಿದರೂ ಬಿಚ್ಚುವುದಿಲ್ಲ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ಆಸುಪಾಸು ಸಾಕು, ಎಂದರೆ ಒಂದು ಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ ಹತ್ತು ಕಿಲೋ ತೂಗಿ ಹಾಕಿದಷ್ಟು. ನಿಮ್ಮ ಕಾರಿನ ಸರಿಯಾದ ಅಂಕಿ ಕಾರಿನ ಜತೆ ಬಂದ ಪುಸ್ತಕದಲ್ಲಿರುತ್ತದೆ.

ಇಚ್ಚನ ಹತ್ತಿರ ಇಷ್ಟೇ ಬಿಗಿ ಎಂದು ಅಳತೆ ಇಟ್ಟು ಬಿಗಿಯುವ ಟಾರ್ಕ್ ರೆಂಚ್ ಇದೆ. ಕೆಂಪು ಪೆಟ್ಟಿಗೆಯಲ್ಲಿ, ಬಟ್ಟೆ ಸುತ್ತಿ. ಮೊದಲು ಎದುರು ಬದುರು ನಟ್ಟುಗಳನ್ನು ಕೈಯಲ್ಲಿ ಕೂರಿಸಿದರು, ಜಾಕಿ ಇಳಿಸಿದ ಮೇಲೆ ಅದೇ ಲೆಕ್ಕದಲ್ಲಿ ರೆಂಚ್ ಹಾಕಿದರು, ಟಿಕ್ ಎಂದರೆ ನಿಲ್ಲಿಸಿದರು. ಆಮೇಲೆ ನಟ್ಟಿನಿಂದ ರಿಮ್ಮಿನವರೆಗೆ ಬಿಳಿ ಪೈಂಟಿನ ಒಂದು ಗೆರೆ. ನಟ್ಟು ತಿರುಗಿದರೆ ಗೆರೆ ತುಂಡಾಗುತ್ತದೆ, ನೋಡಿದ ತಕ್ಷಣ ಗೊತ್ತಾಗುತ್ತದೆ. ವೀಲ್ ಕ್ಯಾಪ್ ವಾಪಸು ಹಾಕಲೇ ಇಲ್ಲ. "ಚಂದಕ್ಕೆ ಬೇಕಿದ್ದರೆ ನೀವೇ ಹಾಕಿ" ಎಂದು ಡಿಕ್ಕಿಗೆ ಎಸೆದರು.

ಮರುದಿನ ಗ್ಯಾರೇಜಿಗೆ ಬರಲು ಹೇಳಿದರು, ನಾಲ್ಕೂ ಚಕ್ರ ನೋಡಬೇಕು ಎಂದು. ನಿಜವಾಗಿ ಸಿಟ್ಟು ಬಂದದ್ದು ಆಗ. ಹಿಂದಿನ ಬಲ ಚಕ್ರದ ಟಯರ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ಬಿಚ್ಚಿ ತಿರುಗಿಸಿ ತೋರಿಸಿದರು. ಒಳಅಂಚಿನಲ್ಲಿ ಎರಡು ಬೆರಳಗಲ ರಬ್ಬರೇ ಇಲ್ಲ, ತಂತಿ ಹೊರಗೆ ಬಂದಿದೆ. ಗೀರಿನ ನಡುವಿನ ಸಣ್ಣ ಉಬ್ಬು, ಅಂದರೆ ಟಯರ್ ಸವೆದು ಮುಗಿಯಿತೆಂದು ತೋರಿಸುವ 1.6 ಮಿಲಿಮೀಟರ್ ಗುರುತು, ಅಲ್ಲಿ ಯಾವಾಗಲೋ ಮಾಯವಾಗಿತ್ತು. ಈ ಟಯರ್ ಶನಿವಾರದವರೆಗೆ ಮುಂದೆ ಇತ್ತು. ಎಂದರೆ ಆ ಹುಡುಗರು ಇದನ್ನು ಕೈಯಲ್ಲಿ ಹಿಡಿದು, ಬ್ಯಾಲೆನ್ಸಿಂಗ್ ಮೆಷಿನ್ನಿನ ಮೇಲೆ ತಿರುಗಿಸಿ, ಸೀಸದ ತುಂಡು ಹೊಡೆದು, ಹಿಂದಕ್ಕೆ ಹಾಕಿದ್ದಾರೆ. ಕಣ್ಣಿಗೆ ಬೀಳದೆ ಇರಲು ಸಾಧ್ಯವೇ ಇಲ್ಲ. ನಮ್ಮ ಮಳೆಯಲ್ಲಿ ಹಿಂದಿನ ಟಯರ್ ಹಿಡಿತ ಬಿಟ್ಟರೆ ಕಾರು ಬಾಲ ಬೀಸಿದ ಹಾಗೆ ತಿರುಗುತ್ತದೆ, ಮುಂದಿನದು ಬಿಟ್ಟದ್ದಕ್ಕಿಂತ ಅದನ್ನು ಹಿಡಿಯುವುದು ಕಷ್ಟ. ಅಂಥದ್ದನ್ನು ಹಿಂದಕ್ಕೆ ಹಾಕಿ ಹಸಿರು ಕಾಗದ ಕೊಟ್ಟರು.

ಆ ಹಸಿರು ಕಾಗದದ ಕತೆಯೂ ಅಷ್ಟೆ. ಮುಂದಿನ ಚಕ್ರವನ್ನು ಎತ್ತಿ, ಗಡಿಯಾರದ ಮೂರು ಮತ್ತು ಒಂಬತ್ತರ ಜಾಗದಲ್ಲಿ ಎರಡು ಕೈ ಇಟ್ಟು ಅಲ್ಲಾಡಿಸಿದರೆ ಲಟಕ್ ಲಟಕ್. ಸ್ಟೇರಿಂಗಿನಿಂದ ಚಕ್ರವನ್ನು ತಿರುಗಿಸುವ ಸರಳು, ಅಂದರೆ ಟೈ ರಾಡ್, ಅದರ ತುದಿ ಸವೆದಿತ್ತು. ಹನ್ನೆರಡು ಮತ್ತು ಆರರ ಜಾಗದಲ್ಲಿ ಅಲ್ಲಾಡಿದರೆ ಹೆಚ್ಚಾಗಿ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ನನ್ನ ಕೈಯಲ್ಲೇ ಮಾಡಿಸಿದರು. ಟೈ ರಾಡಿನಲ್ಲಿ ಸಡಿಲ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿದರೆ ನಿಂತಾಗ ಹಸಿರು, ಓಡುವಾಗ ಮತ್ತೆ ಕೆಂಪು. ಮೊದಲು ಸವೆದದ್ದು ಬದಲಿಸಬೇಕು, ಆಮೇಲೆ ಅಲೈನ್‌ಮೆಂಟ್.

ದೊಡ್ಡ ಅಂಗಡಿಗೆ ಹೋಗಿ ಕೇಳಿದೆ, ಕೇಳದೆ ಇರುವವನಲ್ಲ ನಾನು. ನಟ್ಟು, ರಿಮ್ಮು, ಟಯರ್ ಎಲ್ಲದರ ಫೋಟೋ ತೋರಿಸಿದೆ. ಮ್ಯಾನೇಜರ್ ಮರ್ಯಾದೆಯಿಂದಲೇ ಮಾತಾಡಿದರು. ಬಿಲ್ಲಿನ ಹಿಂದೆ ಇಂಗ್ಲಿಷಿನಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ, 50 ಕಿಲೋಮೀಟರ್ ಓಡಿದ ಮೇಲೆ ನಟ್ಟು ಮತ್ತೆ ಬಿಗಿ ಮಾಡಿಸಬೇಕು ಎಂದಿದೆಯಂತೆ. ನಾನು ಬರಲಿಲ್ಲವಂತೆ. ನ್ಯಾಯವಾಗಿ ಹೇಳಬೇಕೆಂದರೆ ಆ ನಿಯಮ ಸರಿಯೇ. ಇಚ್ಚನೂ ಅದನ್ನೇ ಹೇಳಿದ್ದರು, 50ರಿಂದ 100 ಕಿಲೋಮೀಟರ್ ಒಳಗೆ ಒಮ್ಮೆ ಬನ್ನಿ ಎಂದು. ವ್ಯತ್ಯಾಸ ಇಷ್ಟೆ, ಅವರು ಬಾಯಲ್ಲಿ ಹೇಳಿದರು, ಶುಕ್ರವಾರ ನಾನು ಮರೆತಾಗ ಫೋನ್ ಮಾಡಿದರು. ಅಲ್ಲದೆ ಸರಿಯಾಗಿ ಬಿಗಿ ಮಾಡಿದ ನಟ್ಟು ಮೂರು ದಿನದಲ್ಲಿ ಕಳಚಿ ಬೀಳುವುದಿಲ್ಲ. ಹುಡುಗರು ಗನ್ನಿನಲ್ಲಿ ಅರ್ಧ ಕೂರಿಸಿ, ಕೊನೆಯ ಸ್ಪ್ಯಾನರ್ ಹಾಕುವಷ್ಟರಲ್ಲಿ ಯಾರೋ ಕರೆದು, ಒಂದು ಚಕ್ರ ಬಿಟ್ಟು ಹೋಗಿರಬೇಕು ಎಂದು ಇಚ್ಚನ ಅಂದಾಜು. ಟಯರಿನ ಬಗ್ಗೆ ಮ್ಯಾನೇಜರ್ ಹತ್ತಿರ ಉತ್ತರವಿರಲಿಲ್ಲ. ಇನ್ನೊಮ್ಮೆ ಫ್ರೀ ಅಲೈನ್‌ಮೆಂಟ್ ಮಾಡಿಕೊಡುತ್ತೇವೆ ಎಂದರು. ಬೇಡ ಎಂದು ಕೈಮುಗಿದೆ. ಗ್ರಾಹಕ ಆಯೋಗಕ್ಕೆ ಹೋಗು, ಐದು ಲಕ್ಷದವರೆಗೆ ಫೀಸೂ ಇಲ್ಲ, ಎರಡು ವರ್ಷ ಸಮಯವಿದೆ ಎಂದು ಭಾವ ಹಟ ಹಿಡಿದಿದ್ದಾನೆ. ಬಿಲ್ಲು, ಫೋಟೋ ತೆಗೆದಿಟ್ಟಿದ್ದೇನೆ. ನೋಡೋಣ.

ಇನ್ನು ಇಚ್ಚನ ಗ್ಯಾರೇಜು ಸ್ವರ್ಗ ಎಂದು ತಿಳಿಯಬೇಡಿ. ಫೋನ್ ಎತ್ತುವುದಿಲ್ಲ, ಕೈಯಲ್ಲಿ ಗ್ರೀಸ್ ಇತ್ತು ಎನ್ನುತ್ತಾರೆ, ಯಾವಾಗ ನೋಡಿದರೂ ಗ್ರೀಸೇ. ನಾಳೆ ಕೊಡುತ್ತೇನೆ ಎಂದರೆ ನಾಡಿದ್ದು ಎಂದು ಲೆಕ್ಕ ಹಾಕಿಕೊಳ್ಳಿ. ಶುಕ್ರವಾರ ಮಧ್ಯಾಹ್ನ ಇರುವುದಿಲ್ಲ. ಕೂರಲು ಒಂದು ಹಳೆಯ ಕಾರಿನ ಸೀಟು, ಅದರ ಮೇಲೆ ಯಾವಾಗಲೂ ಬೆಕ್ಕು. ಬಿಲ್ಲು ಕೇಳಿದರೆ ನೋಟ್ ಪುಸ್ತಕದ ಹಾಳೆ ಹರಿದು ಮಲಯಾಳದಲ್ಲಿ ಬರೆದುಕೊಡುತ್ತಾರೆ, ನನಗೆ ಓದಲು ಬರುತ್ತದೆ ಎಂದು ಬಚಾವ್. ಮಾತು ಮಾತ್ರ ಕನ್ನಡ, ತುಳು, ಮಲಯಾಳ ಯಾವುದೂ ಆಗುತ್ತದೆ, ಒಂದೇ ವಾಕ್ಯದಲ್ಲಿ ಮೂರೂ ಬಂದರೂ ಆಶ್ಚರ್ಯವಿಲ್ಲ.

ಆದರೆ ತೆಗೆದ ಸಾಮಾನು ಒಂದೂ ಬಿಡದೆ ಕಾರ್ಡ್‌ಬೋರ್ಡ್ ಪೆಟ್ಟಿಗೆಯಲ್ಲಿ ಹಾಕಿ ಕೊಡುತ್ತಾರೆ. ಏನು ಬದಲಿಸಿದರೆಂದು ಕೈಯಲ್ಲಿ ಹಿಡಿದು ನೋಡಬಹುದು. ನಾಲ್ಕೂ ಟಯರ್ ಹೊಸತು ಹಾಕಿಬಿಡಿ ಎಂದು ನಾನೇ ಹೇಳಿದೆ, ಹೆದರಿದ್ದೆನಲ್ಲ. ಅವರು ಚೆನ್ನಾಗಿದ್ದ ಟಯರುಗಳ ಬದಿಯಲ್ಲಿದ್ದ ನಾಲ್ಕು ಅಂಕಿ ತೋರಿಸಿದರು, 2322, ಎಂದರೆ 2022ರ ಇಪ್ಪತ್ತಮೂರನೇ ವಾರ ತಯಾರಾದದ್ದು, ಉಬ್ಬು ಇಲ್ಲ, ಬಿರುಕು ಇಲ್ಲ, ಇನ್ನೂ ಓಡುತ್ತದೆ, ಎರಡೇ ಸಾಕು, ಹೊಸ ಎರಡನ್ನು ಹಿಂದಕ್ಕೆ ಹಾಕುತ್ತೇನೆ ಎಂದರು. ಕೈಗೆ ಬರುತ್ತಿದ್ದ ವ್ಯಾಪಾರ ಬಿಟ್ಟ ಮನುಷ್ಯ. ಒಟ್ಟು ಖರ್ಚು, ಸ್ಟಡ್ಡು, ನಟ್ಟು, ಹಳೆ ರಿಮ್ಮು, ಟೈ ರಾಡ್ ತುದಿ, ಎರಡು ಟಯರ್, ಕೂಲಿ ಸೇರಿ 11,300. ಉಪ್ಪಳಕ್ಕೆ ಬಂದ ಪೆಟ್ರೋಲಿಗೆ ದುಡ್ಡು ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಆ ಪಂಕ್ಚರ್ ಹುಡುಗ ಇಡೀ ದಿನ ಕಾರು ನೋಡಿಕೊಂಡದ್ದಕ್ಕೆ ನೂರು ರೂಪಾಯಿ ಸಾಕು ಎಂದ, ಇನ್ನೂರು ಕೊಟ್ಟೆ.

ಇಚ್ಚನ ಗ್ಯಾರೇಜಿಗೆ ಐದರಲ್ಲಿ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಫೋನಿಗೆ. ಹಿಂದಿನ ಎಡ ಚಕ್ರದ ಬೇರಿಂಗ್ ಐವತ್ತು ದಾಟಿದರೆ ಗುಂಯ್ ಎನ್ನುತ್ತಿದೆ, ನಾನು ಇಷ್ಟು ದಿನ ಅದನ್ನು ರಸ್ತೆಯ ಶಬ್ದ ಎಂದುಕೊಂಡಿದ್ದೆ. ಚಕ್ರ ತಿರುಗಿಸಿ ಸ್ಪ್ರಿಂಗಿನ ಮೇಲೆ ಕೈ ಇಟ್ಟರೆ ಮರಳು ಅರೆದ ಹಾಗೆ ನಡುಕ ತಾಗುತ್ತದೆ. ಸಾಮಾನು ಮಂಗಳೂರಿನಿಂದ ಬರಬೇಕಂತೆ, ನಾಳೆ ಹಾಕಿಕೊಡುತ್ತೇನೆ ಎಂದಿದ್ದಾರೆ. ಅಂದರೆ ನಾಡಿದ್ದು.